ಅರ್ಗಾದ ಕೇಪಿನ ಕೋವಿ ಮತ್ತು ಎರಡನೆಯ ಈಡು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ದೂರವಾಣಿಯಲ್ಲಿ, "ಸರ್, ರೈಫಲ್ಲಿಗೆ ಬೇಕಾದ ತೋಟೆಗಳನ್ನು ಮನೆಯಲ್ಲಿಯೇ ತುಂಬಲು ಕಲಿಯುತ್ತಿದ್ದೇನೆ. ನೀವು ಇತಿಹಾಸದ ಮೇಷ್ಟ್ರು, ಇದರ ಬಗ್ಗೆ ಏನಾದರೂ ಬರೆಯಿರಿ" ಎಂದನು. ಅಲ್ಲಿ ಅದು ಕಾನೂನಿಗೆ ಒಪ್ಪಿತವಾದ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ಅಪರಾಧ. ಆದರೂ ಮದ್ದನ್ನು ಅಳೆದು ತುಂಬುವ ವಿದ್ಯೆ ನಮ್ಮ ಕರಾವಳಿಗೆ ಹೊಸದೇನಲ್ಲ. ಅದರ ಬಗ್ಗೆ ಬರೆಯಲು ನನಗೆ ಬೇರೊಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಕಾರವಾರದಿಂದ ಅಂಕೋಲೆಯ ಕಡೆಗೆ ಹೊರಟರೆ ಬಿಣಗಾ ದಾಟಿದ ಮೇಲೆ ಅರ್ಗಾ ಸಿಗುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಡುಗುಡ್ಡ, ನಡುವೆ ಸ್ವಲ್ಪ ಗದ್ದೆ. ನನ್ನ ಸೋದರಮಾವನ ಮನೆ ಅಲ್ಲಿತ್ತು. ಭತ್ತ ತೆನೆ ಕಟ್ಟಿತೆಂದರೆ ಗುಡ್ಡದಿಂದ ಹಂದಿಗಳು ಇಳಿಯುತ್ತಿದ್ದವು. ಒಂದು ಹಿಂಡು ಒಂದೇ ರಾತ್ರಿಯಲ್ಲಿ ವರ್ಷದ ಅನ್ನವನ್ನು ತುಳಿದು ಹೋಗುತ್ತಿತ್ತು. ಆದ್ದರಿಂದ ಮಾವನ ಬಳಿ ಒಂಟಿ ನಳಿಗೆಯ ಕೇಪಿನ ಕೋವಿಯಿತ್ತು. ನಿಜವಾಗಿಯೂ ಬೆಳೆ ಕಾಯಲು ಬೇಕಾದವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡಬೇಕೆಂದು ಮೇಲೆ ಹೇಳಿದ ಕಾಯಿದೆಯ 13ನೆಯ ಕಲಮಿನಲ್ಲಿಯೇ ಇದೆ.

ಈ ಕೇಪಿನ ಹುಟ್ಟು ಸ್ವಾರಸ್ಯವಾದುದು. ಅದಕ್ಕೂ ಮೊದಲಿನ ಕೋವಿಗಳಲ್ಲಿ ಚಕಮಕಿ ಕಲ್ಲಿನ ಕಿಡಿ ಮದ್ದಿಗೆ ತಾಗಬೇಕಿತ್ತು. ಆ ಹೊಳಪನ್ನು ಕಂಡು ಹಕ್ಕಿಗಳು ಮೊದಲೇ ಹಾರಿಹೋಗುತ್ತಿದ್ದವು. ಬೇಟೆಯ ಹುಚ್ಚಿದ್ದ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತ್ ಎಂಬವನು ಪೆಟ್ಟು ಬಿದ್ದೊಡನೆ ಹೊತ್ತಿಕೊಳ್ಳುವ ರಾಸಾಯನಿಕವನ್ನು ಬಳಸುವ ವಿಧಾನಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದನು. ಅದರಿಂದ ಮುಂದೆ ತಾಮ್ರದ ಪುಟ್ಟ ಟೊಪ್ಪಿಯಂತಹ ಕೇಪು ಬಂತು.

ಮದ್ದಿಗೂ ರಾಜ್ಯಾಧಿಕಾರಕ್ಕೂ ಇರುವ ನಂಟನ್ನು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. 1857ರ ಸಿಪಾಯಿಗಳ ಅಸಮಾಧಾನಕ್ಕೆ ಕಿಡಿ ತಾಗಿದ್ದು ಹಲ್ಲಿನಿಂದ ಹರಿಯಬೇಕಿದ್ದ ಕಾಗದದ ತೋಟೆಗಳ ಕೊಬ್ಬಿನಿಂದ. ಅದೇ ವರ್ಷ ಆಯುಧ ಕಿತ್ತುಕೊಳ್ಳುವ ಕಾನೂನಿನ ವಿರುದ್ಧ ಮುಧೋಳದ ಹತ್ತಿರದ ಹಲಗಲಿಯ ಬೇಡರು ದಂಗೆಯೆದ್ದರು. ಪರೀಕ್ಷೆಯಲ್ಲಿ ಹಲಗಲಿಗೆ ಎರಡು ಅಂಕದ ಪ್ರಶ್ನೆಗಿಂತ ಹೆಚ್ಚು ಸಿಗಲಿಲ್ಲವೆಂಬ ಕೊರಗು ನನಗೆ ಈಗಲೂ ಇದೆ. 1878ರ ಕಾಯಿದೆ ಇಡೀ ದೇಶವನ್ನು ಪರವಾನಗಿಗೆ ಒಳಪಡಿಸಿತು.

ಈಗ ಮಾವನ ಜಗಲಿಗೆ ಬರೋಣ. ಈಡು ತುಂಬುವುದನ್ನು ಅವರು ಸಂಧ್ಯಾವಂದನೆಯಷ್ಟೇ ಕ್ರಮವಾಗಿ ಮಾಡುತ್ತಿದ್ದರು. ದೀಪವನ್ನು ದೂರವಿಡುವುದು, ಬಿದಿರಿನ ಅಳತೆ ಕೊಳವೆಯಲ್ಲಿ ಮದ್ದು ಸುರಿಯುವುದು, ತೆಂಗಿನ ನಾರನ್ನು ಉಂಡೆ ಮಾಡಿ ಗಜದಿಂದ ಜಡಿಯುವುದು, ಚರೆ ಹಾಕಿ ಮತ್ತೆ ನಾರು. ಕೇಪು ಮಾತ್ರ ಗದ್ದೆಗೆ ಹೋದ ಮೇಲೆಯೇ. ಮದ್ದಿಗೂ ಚರೆಗೂ ನಡುವೆ ಟೊಳ್ಳು ಉಳಿದರೆ ನಳಿಗೆ ಸೀಳಬಹುದೆಂದು ಅವರೇ ನನಗೆ ಹೇಳಿದ್ದರು. ಒಮ್ಮೆ ತುಂಬಿದ ಕೋವಿ ಹೊರನೋಟಕ್ಕೆ ಖಾಲಿ ಕೋವಿಯಂತೆಯೇ ಕಾಣುತ್ತದೆ. ಅದನ್ನು ಮಾತ್ರ ಯಾರೂ ಹೇಳಿರಲಿಲ್ಲ.

1962ರ ಕೊಯ್ಲಿನ ಕಾಲ. ನನಗೆ ಹನ್ನೆರಡು ವರ್ಷ. ಮಾವ ಕಣದಲ್ಲಿದ್ದಾಗ, ಅವರಿಗೆ ಆಶ್ಚರ್ಯವಾಗಲೆಂದು ನಾನೇ ಕೋವಿಗೆ ಈಡು ತುಂಬಿ ಗೋಡೆಗೆ ಒರಗಿಸಿಟ್ಟೆ. ಹೇಳಬೇಕೆಂದುಕೊಂಡವನು ಊಟ ಮಾಡಿ ನಿದ್ದೆ ಹೋದೆ. ನಡುರಾತ್ರಿ ಹಂದಿ ಬಂದ ಸದ್ದಿಗೆ ಮಾವ ಎದ್ದು, ತಮ್ಮ ಕ್ರಮದಂತೆ ಮತ್ತೊಂದು ಈಡು ತುಂಬಿ ಹೊರಟರು. ನಾನು ಎಚ್ಚೆತ್ತದ್ದು ಆ ಸದ್ದಿಗೆ. ನಳಿಗೆ ಬುಡದ ಹತ್ತಿರ ಸೀಳಿತ್ತು. ಎಡಗೈಯ ಎರಡು ಬೆರಳುಗಳು ಹೋಗಿದ್ದವು.

ಮರೆತು ತಾವೇ ಎರಡು ಬಾರಿ ಸುರಿದೆವೆಂದು ಮಾವ ನಂಬಿದರು. ಮನೆಯವರೆಲ್ಲರೂ ಅದನ್ನೇ ನಂಬಿದರು. ಅತ್ತೆ ಸಾಯುವ ತನಕ ಅವರ ಮರೆವನ್ನು ಆಡಿಕೊಳ್ಳುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಬಂಧುಗಳಿಗೆ ತಿಳಿಯಲೆಂದೇ ಇಲ್ಲಿ ಬರೆಯುತ್ತಿದ್ದೇನೆ: ಮರೆತವರು ಮಾವನಲ್ಲ.

ಬಹಳ ವರ್ಷಗಳ ನಂತರ ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುವಾಗ ಒಂದು ಲೆಕ್ಕ ಕಂಡೆ. 1863ರ ಗೆಟ್ಟಿಸ್‌ಬರ್ಗ್ ಕದನದ ಬಳಿಕ ನೆಲದಿಂದ ಆಯ್ದ ಸುಮಾರು 27,000 ಬಂದೂಕುಗಳಲ್ಲಿ 24,000ದಷ್ಟು ತುಂಬಿದ್ದವು. ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡುಗಳಿದ್ದವು. ಕಸರತ್ತು ಮಾಡಿ ಪಳಗಿದ ಸೈನಿಕರ ಕಥೆಯೇ ಹಾಗಿತ್ತು. ಆ ಪುಟದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ.

ನನ್ನ ವಿದ್ಯಾರ್ಥಿಯ ಮೇಜಿನ ಮೇಲಿರುವುದು ಬೇರೆಯ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆ ಕಡಿಮೆಯಿರುವ ಮದ್ದನ್ನು ಸಿದ್ಧಪಡಿಸಿದನು. ಅದರ ಬಲ ಕರಿಮದ್ದಿಗಿಂತ ಬಹಳ ಹೆಚ್ಚು. ಕರಿಮದ್ದಿನ ಅಳತೆಯಲ್ಲಿ ಅದನ್ನು ಹಳೆಯ ಕೋವಿಗೆ ಸುರಿದರೆ ನಳಿಗೆ ತಾಳದು. ಅದನ್ನು ಕೊಳವೆಯಲ್ಲಿ ಕಣ್ಣಂದಾಜಿನಿಂದ ಅಳೆಯದೆ ತಕ್ಕಡಿಯಲ್ಲಿ ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರೇನ್ ಎಂದರೆ ನಮ್ಮ ಅಕ್ಕಸಾಲಿಗರ ಗುಂಜಿಯ ಸುಮಾರು ಅರ್ಧ. ಹೊಸಬನು ಮುದ್ರಿತ ಕೈಪಿಡಿಯ ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಬೇಕು, ಮೇಜಿನ ಮೇಲೆ ಒಂದೇ ಬಗೆಯ ಮದ್ದು ಇರಬೇಕು, ಮಾತಿಗೆ ಯಾರೂ ಇರಬಾರದು ಎಂದು ಅವನೇ ನನಗೆ ವಿವರಿಸಿದನು. ಗುಂಡು ಕೂರಿಸುವ ಮೊದಲು ಪ್ರತಿಯೊಂದು ಹಿತ್ತಾಳೆಯ ಚಿಪ್ಪಿನೊಳಗೂ ದೀಪ ಹಿಡಿದು ನೋಡುತ್ತಾರಂತೆ. ಕೆಲವು ಚಿಪ್ಪುಗಳಲ್ಲಿ ಎರಡು ಪಾಲು ಮದ್ದು ಹಿಡಿಸುವಷ್ಟು ಜಾಗವಿರುತ್ತದೆ. "ಅದೊಂದನ್ನು ಮಾತ್ರ ಬಿಡಬೇಡವೋ" ಎಂದೆ. ಏಕೆಂದು ಆಗ ಹೇಳಲಿಲ್ಲ.

ಮಾವ ಮರುವರ್ಷ ಬೇರೆ ಕೋವಿ ತಂದರು. ಅದರ ಗಜವನ್ನು ಖಾಲಿ ನಳಿಗೆಯೊಳಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಅರದಿಂದ ಒಂದು ಗೀರು ಹಾಕಿದರು. ಈಡು ತುಂಬಿದ ಮೇಲೆ ಇನ್ನೊಂದು. ಅಂದಿನಿಂದ ಕೋವಿ ಮುಟ್ಟಿದಾಗಲೆಲ್ಲ ಮೊದಲು ಗಜ ಇಳಿಸಿ ಗೀರು ನೋಡುತ್ತಿದ್ದರು. ಮೂರು ಬೆರಳಿನ ಎಡಗೈಯಿಂದ ಗಜ ಹಿಡಿಯುವುದು ಅವರಿಗೆ ಕಷ್ಟವಾಗುತ್ತಿತ್ತು. ಆಗ ನನ್ನನ್ನೇ ಕರೆಯುತ್ತಿದ್ದರು.

1986ರಲ್ಲಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಶಿಲಾನ್ಯಾಸ ಮಾಡಿದರು. ಗದ್ದೆ, ಮನೆ, ಜಗಲಿ ಎಲ್ಲವೂ ಭೂಸ್ವಾಧೀನದಲ್ಲಿ ಹೋದವು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದಾಗ ಮಾವ ಇರಲಿಲ್ಲ. ಅವರು ತೀರಿಕೊಂಡಾಗಲೇ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದೆವು. ಗಜ ನನ್ನ ಬಳಿ ಉಳಿಯಿತು. ಪುಸ್ತಕದ ಕಪಾಟಿನ ಹಿಂದೆ ಇದೆ. ಮೊದಲಿನ ಗೀರು ತುಕ್ಕಿನಲ್ಲಿ ಮುಚ್ಚಿದೆ, ಎರಡನೆಯದು ಬೆರಳಿಗೆ ಈಗಲೂ ಸಿಗುತ್ತದೆ.