ಕಂಸಾಳೆ ಮತ್ತು ತಂಬೂರಿ: ಹೆಸರಾಂತ ಗಾಯಕರ ವಾದ್ಯಗಳ ಅಸಲಿತನ, ಸಂರಕ್ಷಣೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳು ಕನ್ನಡದ ಎರಡು ಜನಪದ ಮಹಾಕಾವ್ಯಗಳು ಬದುಕಿರುವ ಸೀಮೆ. ಮಲೆ ಮಾದೇಶ್ವರನ ಕಥೆಯನ್ನು ಹಾಡುವವರು ದೇವರಗುಡ್ಡರು. ಅವರ ಕೈಯ ವಾದ್ಯ ಕಂಸಾಳೆ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಯನ್ನು ಹಾಡುವವರು ನೀಲಗಾರರು. ಮುಮ್ಮೇಳದ ಗಾಯಕ ತಂಬೂರಿ ಮೀಟಿಕೊಂಡು ಗಗ್ಗರ ಹಿಡಿದು ಕಥೆ ಹೇಳಿದರೆ, ಹಿಮ್ಮೇಳದವರು ದಮ್ಮಡಿ, ತಾಳಗಳೊಂದಿಗೆ ಸೊಲ್ಲು ಸೇರಿಸುತ್ತಾರೆ. ಹನೂರು ತಾಲ್ಲೂಕಿನ ಮಾದೇಶ್ವರ ಬೆಟ್ಟ ಒಂದು ಪರಂಪರೆಯ ಕೇಂದ್ರ. ಬನದ ಹುಣ್ಣಿಮೆಯಲ್ಲಿ ಚಂದ್ರಮಂಡಲೋತ್ಸವದಿಂದ ಆರಂಭವಾಗಿ ಐದು ದಿನ ಜಾತ್ರೆ ನಡೆಯುವ ಚಿಕ್ಕಲ್ಲೂರು ಇನ್ನೊಂದರ ಕೇಂದ್ರ. ಈ ವಾದ್ಯಗಳು ವಸ್ತುಸಂಗ್ರಹಾಲಯಕ್ಕೆ ಬಂದಾಗ ಅವು ಯಾರವು ಎಂದು ಗೊತ್ತುಮಾಡುವ ಬಗೆ, ಅವುಗಳನ್ನು ಕಾಪಾಡುವ ಕ್ರಮ ಈ ಲೇಖನದ ವಿಷಯ.

ಕಂಸಾಳೆಯಲ್ಲಿ ಎರಡು ಭಾಗ. ಬಟ್ಟಲಿನ ಆಕಾರದ ಕಂಚಿನ ತಾಳವನ್ನು ಅಂಗೈಯಲ್ಲಿ ಹಿಡಿಯುತ್ತಾರೆ. ಇನ್ನೊಂದು ಚಪ್ಪಟೆಯಾದದ್ದು, ಅದರ ನಡುವಿನ ತೂತಿನಿಂದ ಹೊರಟ ದಾರಕ್ಕೆ ಗೊಂಡೆ ಕಟ್ಟಿರುತ್ತದೆ. ಬೀಸು ಕಂಸಾಳೆಯಲ್ಲಿ ಈ ಚಪ್ಪಟೆ ತಾಳ ದಾರದ ಆಸರೆಯಲ್ಲಿ ಗಾಳಿಯಲ್ಲಿ ಸುತ್ತಿ ಬಂದು ಬಟ್ಟಲಿಗೆ ತಾಗಬೇಕು. ವರ್ಷಗಟ್ಟಲೆ ಒಂದೇ ಕೈ ಬೀಸಿದ ಜೋಡಿಯಲ್ಲಿ ಏಟು ಬಿದ್ದ ಅಂಚು ಒಂದು ಕಡೆಗೆ ಸವೆದಿರುತ್ತದೆ, ದಾರದ ತೂತು ಎಳೆತ ಬಿದ್ದತ್ತ ಅಗಲವಾಗಿರುತ್ತದೆ. ತಂಬೂರಿಯಲ್ಲಿ ಮರದ ಕೊಡ, ದಂಡಿ, ಬಿರಡೆ, ಕುದುರೆ, ಲೋಹದ ತಂತಿಗಳಿವೆ. ತಂತಿ ಆಗಾಗ ಬದಲಾಗುತ್ತದೆ, ಬಿರಡೆ ಸಡಿಲವಾದರೆ ಹೊಸದು ಕೂರಿಸುತ್ತಾರೆ, ಕುದುರೆ ಸವೆದರೆ ಮತ್ತೊಂದು ಮಾಡಿಸುತ್ತಾರೆ. ಕೊಡ ಮತ್ತು ದಂಡಿ ಮಾತ್ರ ತಲೆಮಾರು ದಾಟುತ್ತವೆ. ತಂಬೂರಿಯ ವಯಸ್ಸನ್ನು ಹೇಳುವಾಗ ಈ ಎರಡು ಭಾಗಗಳನ್ನೇ ಆಧಾರವಾಗಿ ಹಿಡಿಯುವುದು ಸರಿ. ಉಳಿದ ಭಾಗಗಳು ಹೊಸವಾಗಿದ್ದ ಮಾತ್ರಕ್ಕೆ ವಾದ್ಯ ನಕಲಿ ಆಗುವುದಿಲ್ಲ. ಸಂಗ್ರಹಾಲಯದವರು ಹಳೆಯ ಬಿರಡೆ ಹುಡುಕಿ ತಂದು ಜೋಡಿಸಿ ‘ಮೂಲ ರೂಪ’ ಕೊಡಲು ಹೊರಟರೆ ಅದೇ ನಿಜವಾದ ಕಲಬೆರಕೆ.

ಪ್ರಸಿದ್ಧ ಸಂಗೀತಗಾರರ ವಾದ್ಯಗಳ ವಿಚಾರದಲ್ಲಿ ಜಗತ್ತಿನ ದೊಡ್ಡ ಸಂಗ್ರಾಹಕರು, ಹರಾಜು ಸಂಸ್ಥೆಗಳು ಮೊದಲು ಕೇಳುವುದು ಕೈಯಿಂದ ಕೈಗೆ ಬಂದ ಸರಪಳಿಯನ್ನು. ಬಾಬ್ ಡಿಲನ್ 1965ರ ಜುಲೈ 25ರಂದು ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ನುಡಿಸಿದ ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರ್ ಅವರನ್ನು ಕರೆದೊಯ್ದ ವಿಮಾನದಲ್ಲಿ ಉಳಿದುಹೋಗಿ, ಪೈಲಟ್ ಮನೆಯಲ್ಲಿ ದಶಕಗಳ ಕಾಲ ಇತ್ತು. ಅದು ನ್ಯೂಪೋರ್ಟ್‌ನಲ್ಲಿ ನುಡಿಸಿದ ಗಿಟಾರ್ ಅಲ್ಲ ಎಂದು ಡಿಲನ್ ಅವರ ವಕೀಲರು ವಾದಿಸಿದ್ದರು. 2012ರಲ್ಲಿ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮವೊಂದಕ್ಕಾಗಿ ಹಳೆಯ ಗಿಟಾರುಗಳ ತಜ್ಞ ಆ್ಯಂಡಿ ಬ್ಯಾಬಿಯುಕ್ ಉತ್ಸವದ ಬಣ್ಣದ ಫೋಟೋಗಳಲ್ಲಿ ಕಾಣುವ ಮರದ ಎಳೆಗಳನ್ನು ಈ ಗಿಟಾರಿನ ಎಳೆಗಳೊಂದಿಗೆ ತಾಳೆ ನೋಡಿ, ಇದು ಅದೇ ಎಂದರು. 2013ರ ಡಿಸೆಂಬರ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಅದಕ್ಕೆ 9,65,000 ಡಾಲರ್ ಬಂತು. ಮರದ ಎಳೆ ಒಂದು ಹಲಗೆಯಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ ಎಂಬುದೇ ಈ ಪರೀಕ್ಷೆಯ ತಳಹದಿ. ಒಂದು ಸ್ಪಷ್ಟ ಫೋಟೋ ಇದ್ದರೆ ನೀಲಗಾರರ ತಂಬೂರಿಗೂ ಇದೇ ಪರೀಕ್ಷೆ ಒಪ್ಪುತ್ತದೆ.

ಆದರೆ ಆ ಫೋಟೋ ಇರಬೇಕಲ್ಲ. ಈ ಸೀಮೆಯ ಹಾಡುಗಾರಿಕೆಯನ್ನು ವಿದ್ವಾಂಸರು ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ; ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲೇ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾಗಿ, ಮುಂದೆ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ನೆಲೆಗೊಂಡಿತು. ದೇ. ಜವರೇಗೌಡ, ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅವರ ಶ್ರಮ ಅದರ ಹಿಂದಿದೆ. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ 1994ರಲ್ಲಿ ತೆರೆಯಿತು. ಇಂಥ ಸಂಗ್ರಹಗಳು ಇರದಿದ್ದರೆ ಎಷ್ಟೋ ವಾದ್ಯಗಳು ಒಲೆ ಸೇರುತ್ತಿದ್ದವು. ಆದರೂ ಜಾನಪದ ವಸ್ತುಗಳಿಗೆ ಚೀಟಿ ಬರೆಯುವ ರೂಢಿಯಲ್ಲಿ ಒಂದು ಕೊರತೆ ಉಳಿದುಬಂದಿದೆ. ವಾದ್ಯದ ಹೆಸರು, ಸಮುದಾಯ, ಹೆಚ್ಚೆಂದರೆ ಊರು ಕಾಣುತ್ತದೆ. ಅದನ್ನು ನುಡಿಸಿದ ಗಾಯಕನ ಹೆಸರು ಅಪರೂಪ. ಶಾಸ್ತ್ರೀಯ ಸಂಗೀತದ ಕಲಾವಿದರಿಗೆ ಹೀಗಾಗುವುದಿಲ್ಲ. 2019ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ವಸ್ತುಸಂಗ್ರಹಾಲಯದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿ ಅವರ ಹೆಸರಿನಲ್ಲೇ ಇದೆ. ರಾತ್ರಿಯಿಡೀ ಕಾವ್ಯ ಕಟ್ಟಿ ಹಾಡುವ ಗುಡ್ಡನಿಗೂ ಅದೇ ಹಕ್ಕು ಸಲ್ಲಬೇಕು. ಜನ ಆ ಹಕ್ಕನ್ನು ಎಂದೋ ಕೊಟ್ಟಿದ್ದಾರೆ: ಗಾಯಕ ಕಂಸಾಳೆ ಮಹದೇವಯ್ಯ ಎಂಬ ಹೆಸರಿನಲ್ಲಿ ವಾದ್ಯವನ್ನೂ ಮನುಷ್ಯನನ್ನೂ ಬೇರೆ ಮಾಡಲಾಗದು.

ಮೂಲ ಹುಡುಕುವವರಿಗೆ ಈ ಸೀಮೆಯ ಆಡಳಿತ ಚರಿತ್ರೆಯೂ ತೊಡಕು ತರುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ, ಇಂದಿನ ಹನೂರೂ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಯಳಂದೂರು ಮೈಸೂರಿನದಾಗಿತ್ತು. ಈ ಮೂರೂ ಸೀಮೆಗಳು ಚಾಮರಾಜನಗರ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಹೀಗಾಗಿ ‘ಕೊಯಮತ್ತೂರು ಜಿಲ್ಲೆಯ ತಾಳ’ ಎಂದು ಹಳೆಯ ಪಟ್ಟಿಯಲ್ಲಿ ಕಂಡದ್ದು ಮಾದೇಶ್ವರನ ಗುಡ್ಡರ ಕಂಸಾಳೆಯೇ ಆಗಿರಬಹುದು. ಪಟ್ಟಿ ಓದುವವರು ಸಂಗ್ರಹದ ವರ್ಷವನ್ನು ಮೊದಲು ನೋಡಬೇಕು.

ಫೋಟೋ, ರಸೀದಿಗಳಿಲ್ಲದ ಕಡೆ ಉಳಿಯುವುದು ಗುರುಪರಂಪರೆಯ ಸಾಕ್ಷಿ. ದೇವರಗುಡ್ಡರೂ ನೀಲಗಾರರೂ ದೀಕ್ಷೆ ಪಡೆದವರು. ವಾದ್ಯ ಅವರಿಗೆ ಸರಕಲ್ಲ, ದೇವರ ಸಾಮಾನು. ತಂದೆಯಿಂದ ಮಗನಿಗೆ ಇಲ್ಲವೇ ಗುರುವಿನಿಂದ ಶಿಷ್ಯನಿಗೆ ಹೋಗುತ್ತದೆ. ಆದ್ದರಿಂದ ಮೇಳದ ಹಿಮ್ಮೇಳದವರು, ಶಿಷ್ಯರು, ದುರಸ್ತಿ ಮಾಡಿದ ಬಡಗಿ, ಒಕ್ಕಲಿನ ಹಿರಿಯರು ಇವರ ಹೇಳಿಕೆಗಳನ್ನು ಬೇರೆ ಬೇರೆಯಾಗಿ ಧ್ವನಿಮುದ್ರಿಸಿ ಹೋಲಿಸುವುದು ಅಗತ್ಯ. ಕಂಸಾಳೆಯ ವಿಷಯದಲ್ಲಿ ಇನ್ನೊಂದು ದಾರಿಯಿದೆ. ಕಂಚಿನ ಪ್ರತಿ ಜೋಡಿಗೂ ತನ್ನದೇ ನಾದವಿರುತ್ತದೆ. ಗಾಯಕನ ಹಳೆಯ ಧ್ವನಿಮುದ್ರಿಕೆ ಸಿಕ್ಕರೆ ಅದರಲ್ಲಿನ ನಾದದ ಕಂಪನಾಂಕಗಳನ್ನು ಕೈಯಲ್ಲಿರುವ ಜೋಡಿಯೊಂದಿಗೆ ತಾಳೆ ನೋಡಬಹುದು. ಟೇಪು ಓಡಿದ ವೇಗ ಹೆಚ್ಚುಕಡಿಮೆ ಆಗಿರುವ ಸಾಧ್ಯತೆ ಇರುವುದರಿಂದ ಇದನ್ನು ಪೂರಕ ಸಾಕ್ಷಿ ಎಂದಷ್ಟೇ ಎಣಿಸಬೇಕು.

ಲೋಹದ ವಾದ್ಯಕ್ಕೆ ಕಳ್ಳರಿಗಿಂತ ತೂಕದ ಬೆಲೆಯೇ ದೊಡ್ಡ ಅಪಾಯ. ಬಿಸ್ಮಿಲ್ಲಾ ಖಾನರ ಶಹನಾಯಿಗಳು 2016ರ ಡಿಸೆಂಬರ್‌ನಲ್ಲಿ ವಾರಾಣಸಿಯಲ್ಲಿ ಕಳುವಾದಾಗ, ಮರುತಿಂಗಳು ಪೊಲೀಸರು ಪತ್ತೆಹಚ್ಚುವಷ್ಟರಲ್ಲಿ ಅವುಗಳ ಬೆಳ್ಳಿಯನ್ನು ಕರಗಿಸಲಾಗಿತ್ತು. ಹಾಡುವವರಿಲ್ಲದ ಮನೆಯಲ್ಲಿ ಕಂಚಿನ ತಾಳ ಗುಜರಿಗೆ ಹೋಗುವುದೂ ಅಷ್ಟೇ ಸುಲಭ. ಉಳಿದದ್ದನ್ನು ಹಾಳುಮಾಡುವುದು ಹೆಚ್ಚಾಗಿ ನಮ್ಮ ಭಕ್ತಿಯ ಕೈ. ಹುಣಸೆಹುಳಿ, ಬೂದಿ ಹಾಕಿ ಫಳಫಳ ಉಜ್ಜಿದರೆ ಕಂಚಿನ ಮೇಲ್ಪದರದ ಜೊತೆಗೆ ಏಟಿನ ಗುರುತುಗಳೂ ಅಳಿಯುತ್ತವೆ. ಅಂಗೈಯ ಬೆವರಿನ ಉಪ್ಪು ಕಂಚಿನಲ್ಲಿ ಉಳಿದು, ತೇವ ಸೇರಿದಾಗ ತೆಳು ಹಸಿರು ಪುಡಿ ಏಳುತ್ತದೆ. ಅದು ನಿಲ್ಲದೆ ತಿನ್ನುವ ಕಿಲುಬು. ಅಂಥ ಜೋಡಿಯನ್ನು ಬೇರೆ ತೆಗೆದಿಟ್ಟು, ಒಣಗಾಳಿಯ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇರಿಸಿ, ತಜ್ಞರಿಗೆ ತೋರಿಸುವುದು ಕ್ರಮ. ಗೊಂಡೆಯನ್ನು ತೊಳೆಯಬಾರದು.

ತಂಬೂರಿಗೆ ವೈರಿ ಹವೆಯ ಏರಿಳಿತ. ಬೇಸಿಗೆಯ ಒಣಹವೆಯಲ್ಲಿ ಮರ ಕುಗ್ಗಿ, ಮಳೆಗಾಲದಲ್ಲಿ ಉಬ್ಬಿ, ಕೊಡ ಮತ್ತು ದಂಡಿ ಸೇರುವ ಜಾಗದಲ್ಲಿ ಬಿರುಕು ಬಿಡುತ್ತದೆ. ಸಂಗ್ರಹಾಲಯಗಳು ಗಿಟಾರ್, ಪಿಟೀಲುಗಳಿಗೆ ಸಾಮಾನ್ಯವಾಗಿ ಶೇ. 45ರಿಂದ 55ರ ಆರ್ದ್ರತೆಯನ್ನು ಪಾಲಿಸುತ್ತವೆ. ನಮ್ಮ ಕಡೆ ಈ ಅಂಕಿಗಿಂತ, ಆರ್ದ್ರತೆ ಹಠಾತ್ತನೆ ಏರಿಳಿಯದಂತೆ ನೋಡಿಕೊಳ್ಳುವುದು ಮುಖ್ಯ. ಹಗಲು ಮಾತ್ರ ಓಡುವ ಏ.ಸಿ. ಲಾಭಕ್ಕಿಂತ ಹಾನಿಯನ್ನೇ ಮಾಡುತ್ತದೆ. ತಂತಿಯನ್ನು ಬಿಚ್ಚದೆ ಸಡಿಲಿಸಿ ಇಡಬೇಕು. ಮರದಿಂದ ಸಣ್ಣ ಪುಡಿ ಉದುರಿದರೆ ಹುಳು ಬಿದ್ದಿದೆ ಎಂದರ್ಥ. ಆಮ್ಲಜನಕ ತೆಗೆದ ಚೀಲದಲ್ಲಿ ಕೆಲವು ವಾರ ಮುಚ್ಚಿಟ್ಟರೆ ವಿಷ ಬಳಸದೆ ಹುಳು ಸಾಯುತ್ತದೆ. ವಾರ್ನಿಷ್ ಬಳಿಯುವುದಂತೂ ಕೂಡದು. ದಂಡಿಗೆ ಮೆತ್ತಿದ ವಿಭೂತಿ, ಕಪ್ಪುಧೂಳ್ತ ಎಂಬ ಕಪ್ಪು ಬೂದಿ, ಧೂಪದ ಮಸಿ ಕೊಳೆಯಲ್ಲ, ಆ ವಾದ್ಯ ಯಾವ ಪಂಥದ್ದು, ಹೇಗೆ ಪೂಜೆಗೊಂಡದ್ದು ಎಂಬುದರ ದಾಖಲೆ.

ಚರ್ಮವಾದ್ಯಗಳಲ್ಲಿ ಕಾನೂನಿನ ಪ್ರಶ್ನೆಯೂ ಇದೆ. ದಮ್ಮಡಿ, ಕಂಜಿರದಂಥ ವಾದ್ಯಗಳಿಗೆ ಹಿಂದೆ ಉಡದ ಚರ್ಮ ಹೊದಿಸುವ ರೂಢಿಯಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಡವನ್ನು ರಕ್ಷಿತ ಪ್ರಾಣಿಯಾಗಿಸಿದ ಮೇಲೆ ಮೇಕೆಯ ಚರ್ಮ, ಕೃತಕ ಹಾಳೆಗಳು ಬಂದವು. ಹಳೆಯ ದಮ್ಮಡಿ ಪಡೆಯುವ ಸಂಗ್ರಹಾಲಯ ಮೊದಲು ಅರಣ್ಯ ಇಲಾಖೆಯೊಂದಿಗೆ ಕಾಗದಪತ್ರ ಸರಿಪಡಿಸಿಕೊಳ್ಳಬೇಕು. ಹರಿದ ಚರ್ಮವನ್ನು ಕಿತ್ತು ಹೊಸದು ಹೊದಿಸದೆ, ಇದ್ದಂತೆಯೇ ಆಸರೆ ಕೊಟ್ಟು ಇಡಬೇಕು. ಗಿಟಾರ್ ಲೋಕಕ್ಕೂ ಇಂಥದೇ ನಿರ್ಬಂಧ ಬಂದಿತ್ತು: ಬೀಟೆ ಕುಲದ ಮರಗಳೆಲ್ಲ 2017ರಲ್ಲಿ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿದ್ದವು, 2019ರಲ್ಲಿ ಅವುಗಳಲ್ಲಿ ಹೆಚ್ಚಿನವುಗಳಿಂದ ತಯಾರಾದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಹಾಡಿಕೆ ನಡೆದಿರುವ ಮನೆಯಿಂದ ವಾದ್ಯವನ್ನು ಖರೀದಿಸಿ ತರುವುದು ಈ ಸೀಮೆಗೆ ಹೊಂದುವ ಕ್ರಮವಲ್ಲ. ಒಡೆತನ ಮನೆತನದಲ್ಲೇ ಇದ್ದು, ಜಾತ್ರೆ, ಪೂಜೆಗಳಿಗೆ ಮರಳಿ ಒಯ್ಯುವ ಹಕ್ಕಿನೊಂದಿಗೆ ಎರವಲು ಪಡೆಯುವುದು ಮೇಲು. ವಾದ್ಯ ಹೋಗುವಾಗ, ಬರುವಾಗ ಎಲ್ಲ ಬದಿಯ ಫೋಟೋ ತೆಗೆದು, ಅಳತೆ, ತೂಕ, ನಾದ, ಬದಲಾದ ಭಾಗ, ನುಡಿಸಿದವರ ಹೆಸರುಗಳನ್ನು ಒಂದೇ ವಹಿಯಲ್ಲಿ ಬರೆದು, ಅದರ ಪ್ರತಿಯನ್ನು ಮನೆಯವರಿಗೂ ಕೊಡಬೇಕು.