ಮಣಿಕಟ್ಟಿನ ವೈದ್ಯ

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟವಾಗಿತ್ತು. ಕಾಗಿಣಾ ನದಿಯ ದಂಡೆಯ ಮೇಲಿನ ಈ ಊರನ್ನು ಅಮೋಘವರ್ಷ ನೃಪತುಂಗ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆಸಿದ. 814ರಲ್ಲಿ ಪಟ್ಟವೇರಿದ ಅವನು ಅರುವತ್ತು ವರ್ಷಕ್ಕೂ ಮಿಕ್ಕಿ ಆಳಿದ. ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ಉಳಿದು ಬಂದಿರುವ 851ರ ವೃತ್ತಾಂತ ಲೋಕದ ನಾಲ್ವರು ಮಹಾರಾಜರಲ್ಲಿ ಈ ನೆಲದ ದೊರೆಯನ್ನೂ ಎಣಿಸುತ್ತದೆ. ಅಂಥ ಆಸ್ಥಾನಕ್ಕೆ ಕವಿಗಳು ಬಂದರು, ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನಂಥವರು ಅದರ ಆಶ್ರಯ ಪಡೆದರು. ವೈದ್ಯರೂ ಬಂದರು.

ಆ ವೈದ್ಯರಲ್ಲಿ ಹೆಸರು ಉಳಿದವನು ಉಗ್ರಾದಿತ್ಯಾಚಾರ್ಯ. ಜೈನ ಮುನಿ, ಶ್ರೀನಂದಿ ಎಂಬ ಗುರುವಿನ ಶಿಷ್ಯ. ಅವನ ‘ಕಲ್ಯಾಣಕಾರಕ’ ಸಂಸ್ಕೃತದಲ್ಲಿದೆ. ಅದರ ಕೊನೆಯಲ್ಲಿ ಸೇರಿರುವ ಹಿತಾಹಿತದ ಭಾಗದಲ್ಲಿ ಅವನೇ ಹೇಳಿಕೊಳ್ಳುವಂತೆ, ನೃಪತುಂಗನ ಸಭೆಯಲ್ಲಿ ವಿದ್ವಾಂಸರು ನೆರೆದಿದ್ದಾಗ ಎದ್ದುನಿಂತು, ಔಷಧವೆಂದು ಮಾಂಸ ತಿನ್ನಿಸುವುದರಿಂದ ಫಲವಿಲ್ಲವೆಂದು ವಾದಿಸಿದ. ರಾಜಸಭೆಯ ಮುಂದೆ ತನ್ನ ಧರ್ಮಕ್ಕೂ ತನ್ನ ವಿದ್ಯೆಗೂ ಒಟ್ಟಿಗೆ ನಿಂತ ಆ ಧೈರ್ಯ ಇವತ್ತಿಗೂ ಗೌರವಕ್ಕೆ ತಕ್ಕದ್ದು. ಆದರೆ ಈ ಕಥನಕ್ಕೆ ಬೇಕಾದದ್ದು ಅವನ ಇನ್ನೊಂದು ಮಾತು. ತನಗಿಂತ ಹಿಂದಿನ ಜೈನ ವೈದ್ಯರ ಸಾಲನ್ನು ಅವನು ಕೃತಜ್ಞತೆಯಿಂದ ನೆನೆಯುತ್ತಾನೆ: ಕಣ್ಣು, ಕಿವಿ, ಮೂಗು, ಗಂಟಲುಗಳ ಶಾಲಾಕ್ಯವನ್ನು ಹೇಳಿದವನು ಪೂಜ್ಯಪಾದ, ಶಸ್ತ್ರಚಿಕಿತ್ಸೆಯ ಶಲ್ಯತಂತ್ರವನ್ನು ಹೇಳಿದವನು ಪಾತ್ರಸ್ವಾಮಿ, ವಿಷಕ್ಕೆ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥ, ಮಕ್ಕಳಿಗೆ ಮೇಘನಾದ. ಸಲಾಕೆ ಹಿಡಿಯುವವನೂ ಶಸ್ತ್ರ ಹಿಡಿಯುವವನೂ ಅಹಿಂಸೆಯ ಪರಂಪರೆಯೊಳಗೇ ತಲೆಯೆತ್ತಿ ನಿಂತಿದ್ದರು ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ.

ಈ ವಿದ್ಯೆಯ ಬೇರು ಸುಶ್ರುತನಲ್ಲಿದೆ. ಅವನು ಎಣಿಸುವ ಯಂತ್ರಗಳು 101: ಸ್ವಸ್ತಿಕ 24, ಸಂದಂಶ 2, ತಾಲ 2, ನಾಡಿ 20, ಶಲಾಕೆ 28, ಉಪಯಂತ್ರ 25. ಇಷ್ಟನ್ನೂ ಎಣಿಸಿ, ಇವೆಲ್ಲಕ್ಕೂ ಮೇಲಾದ ಯಂತ್ರ ಕೈಯೇ ಎಂದು ಅವನು ತೀರ್ಮಾನಿಸುತ್ತಾನೆ. ಕೈಯಿಲ್ಲದೆ ಉಳಿದ ಯಾವುದೂ ನಡೆಯದು. ಯಂತ್ರದಿಂದ ಆಗಬೇಕಾದ 24 ಕೆಲಸಗಳ ಪಟ್ಟಿಯಲ್ಲಿ ಒತ್ತುವುದು, ಎಳೆಯುವುದು, ತೊಳೆಯುವುದರ ಜೊತೆಗೆ ತಿರುಗಿಸುವುದಕ್ಕೂ ಸ್ಥಾನವಿದೆ. ದೇಹದೊಳಗೆ ಹೊಕ್ಕ ಲೋಹವನ್ನು ಹೊರಗಿನಿಂದ ಎಷ್ಟು ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಆ ಕಾಲದ ವೈದ್ಯನ ಅತಿ ಕಠಿಣವಾದ ಪರೀಕ್ಷೆ. ಅವನಿಗೆ ಒಳಗಿನದು ಕಾಣುತ್ತಿರಲಿಲ್ಲ. ಬೆರಳಿಗೆ ಬರುವ ತಡೆ ಮತ್ತು ಸಡಿಲ, ಇವೆರಡೇ ಅವನ ಪಾಲಿನ ಕಣ್ಣು.

ಕಣ್ಣಿನ ಪೊರೆಯ ಚಿಕಿತ್ಸೆಯನ್ನೇ ಹತ್ತಿರದಿಂದ ನೋಡಬೇಕು. ಸಲಾಕೆ ಎಂಟು ಅಂಗುಲ ಉದ್ದ. ಅದರ ನಡುಭಾಗಕ್ಕೆ ಬಿಗಿಯಾಗಿ ದಾರ ಸುತ್ತಿರುತ್ತಾರೆ, ಬೆವರಿದ ಬೆರಳು ಜಾರಬಾರದೆಂದು. ದಪ್ಪ ಹೆಬ್ಬೆರಳಿನ ಗೆಣ್ಣಿನಷ್ಟು, ತುದಿಗಳು ಮೊಗ್ಗಿನ ಆಕಾರ, ಲೋಹ ತಾಮ್ರ, ಕಬ್ಬಿಣ ಅಥವಾ ಚಿನ್ನ. ರೋಗಿ ಮೂಗಿನ ತುದಿಯನ್ನು ನೋಡುತ್ತಾ ಅಲುಗದೆ ಕೂರಬೇಕು. ವೈದ್ಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಸಲಾಕೆ ಹಿಡಿದು ಎಡಗಣ್ಣಿಗೆ ಬಲಗೈಯಿಂದ, ಬಲಗಣ್ಣಿಗೆ ಎಡಗೈಯಿಂದ ಚುಚ್ಚಬೇಕು. ಎರಡು ಕೈಯೂ ಸಮನಾಗಿ ಪಳಗದವನು ಈ ಕೆಲಸಕ್ಕೆ ಇಳಿಯುವಂತೆಯೇ ಇರಲಿಲ್ಲ. ಚುಚ್ಚುವ ಜಾಗ ಕಪ್ಪುಗುಡ್ಡೆಯಲ್ಲ, ಅದರಿಂದಾಚೆ ಕಿವಿಯ ಕಡೆಯ ಬಿಳಿಭಾಗ, ರಕ್ತನಾಳಗಳನ್ನು ತಪ್ಪಿಸಿ. ಸರಿಯಾಗಿ ಹೊಕ್ಕರೆ ಸಣ್ಣದೊಂದು ಶಬ್ದವಾಗಿ ನೀರಿನ ಹನಿ ಹೊರಬೀಳುತ್ತದೆ. ಆಗ ಕಣ್ಣಿನ ಮೇಲೆ ತಾಯಿಯ ಎದೆಹಾಲು ಸಿಂಪಡಿಸಿ, ಸಲಾಕೆಯ ತುದಿಯನ್ನು ಒಳಗೇ ಆಡಿಸಿ ಪೊರೆಯನ್ನು ದಾರಿಯಿಂದ ಸರಿಸುವುದು. ರೋಗಿ ಎದುರಿಗಿರುವುದನ್ನು ಗುರುತಿಸಿದ ಮೇಲೆ ಸಲಾಕೆಯನ್ನು ಮೆಲ್ಲಗೆ ತೆಗೆದು, ತುಪ್ಪ ಸವರಿ, ಬಟ್ಟೆ ಕಟ್ಟಿ, ಅಂಗಾತ ಮಲಗಿಸುತ್ತಾರೆ. ಸೀನಬಾರದು, ಕೆಮ್ಮಬಾರದು, ತೇಗಬಾರದು, ಉಗುಳಬಾರದು. ಇದನ್ನು ಬರೆದವನು ಮಾಡಿ ನೋಡಿ ಬರೆದಿದ್ದಾನೆ ಎಂಬುದು ಆ ಕೊನೆಯ ನಿಷೇಧಗಳಿಂದಲೇ ತಿಳಿಯುತ್ತದೆ. ತಲೆಯಲ್ಲಿ ಒತ್ತಡ ಏರಿದರೆ ಗಾಯ ಕದಲುತ್ತದೆ ಎಂಬುದನ್ನು ಇಂದಿನ ನೇತ್ರತಜ್ಞರೂ ರೋಗಿಗೆ ಹೇಳಿ ಕಳಿಸುತ್ತಾರೆ.

972ರಲ್ಲಿ ಮಾಳವದ ಸೀಯಕ ಮಾನ್ಯಖೇಟವನ್ನು ಸೂರೆಮಾಡಿದ. ರಾಷ್ಟ್ರಕೂಟರು ಮುಗಿದರು, ಚಾಲುಕ್ಯರು ಬಂದರು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರ ಬೆಳೆಯಿತು. 1058ರ ಶಾಸನ ಅಲ್ಲಿನ ವಿದ್ಯಾರ್ಥಿಗಳಿಗೆ ಅನ್ನವಸ್ತ್ರಗಳನ್ನು ಗೊತ್ತುಮಾಡುವುದರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗಳಿಗೂ ವೃತ್ತಿ ಬಿಡುತ್ತದೆ. ಒಂದು ಊರಿನಲ್ಲಿ ಪುಸ್ತಕ ಕಾಯಲು ಆರು ಜನ! ತಾಳೆಗರಿಗಳು ಹುಳು ಹಿಡಿಯದಂತೆ, ಪ್ರತಿಗಳು ತಪ್ಪಿಲ್ಲದಂತೆ ನೋಡಿಕೊಂಡ ಇಂಥ ಕೈಗಳಿಲ್ಲದಿದ್ದರೆ ಯಾವ ಶಾಸ್ತ್ರವೂ ತಲೆಮಾರು ದಾಟುತ್ತಿರಲಿಲ್ಲ.

ಮುಂದೆ 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ಸಿಂಹಾಸನ ಸ್ಥಾಪನೆಯಾಯಿತು. ಕೆಲವು ತಲೆಮಾರುಗಳ ಬಳಿಕ ರಾಜಧಾನಿ ಬೀದರಿಗೆ ಹೋಯಿತು. ಅಲ್ಲಿ 1436ರಿಂದ 1458ರವರೆಗೆ ಆಳಿದ ಎರಡನೆಯ ಅಲಾವುದ್ದೀನ್ ಅಹಮದ್ ದೊಡ್ಡ ದವಾಖಾನೆಯೊಂದನ್ನು ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳ ಉತ್ಪನ್ನ ಬಿಟ್ಟು, ಹಕೀಮರನ್ನೂ ಹಿಂದೂ ವೈದ್ಯರನ್ನೂ ಒಟ್ಟಿಗೆ ನೇಮಿಸಿದ. ಇದನ್ನು ದಾಖಲಿಸಿದ ಫಿರಿಶ್ತಾ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಆಶ್ರಯದಲ್ಲಿದ್ದ ಇತಿಹಾಸಕಾರ. ಭಾರತೀಯ ವೈದ್ಯವನ್ನು ಪಾರಸಿ ಓದುಗರಿಗೆ ಒಪ್ಪಿಸಲು ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥವನ್ನೇ ಬರೆದವನು. ಒಂದೇ ಛಾವಣಿಯಡಿ ಎರಡು ಶಾಸ್ತ್ರಗಳು ರೋಗಿಯ ಹಾಸಿಗೆಯ ಅತ್ತಿತ್ತ ನಿಂತದ್ದು ಈ ಸೀಮೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ.

ಹಕೀಮರ ಹಿಂದೆಯೂ ತಿರುಗಿಸುವ ಕೈಯ ದೊಡ್ಡ ಪರಂಪರೆಯೊಂದಿತ್ತು. ಸ್ಪೇನಿನ ಕೊರ್ಡೋಬಾದ ಅಲ್ ಜಹ್ರಾವಿ ಹತ್ತನೆಯ ಶತಮಾನದ ಕೊನೆಯ ವೇಳೆಗೆ 30 ಭಾಗಗಳ ಮಹಾಗ್ರಂಥ ಬರೆದು, ಕೊನೆಯ ಭಾಗದಲ್ಲಿ ಸುಮಾರು 200 ಉಪಕರಣಗಳನ್ನು ಚಿತ್ರ ಸಮೇತ ವಿವರಿಸಿದ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಉಚ್ಚೆ ಕಟ್ಟಿದವನಿಗೆ ಅವನು ಹೇಳುವ ಉಪಾಯ ಹೀಗಿದೆ. ಮರದ ಹಿಡಿಗೆ ಕೂರಿಸಿದ, ಮೂರು ಮೂಲೆಯ ಚೂಪು ತುದಿಯ ಉಕ್ಕಿನ ಸಲಾಕೆ ಬೇಕು. ಕಲ್ಲು ಮೂತ್ರಕೋಶಕ್ಕೆ ಹಿಂದಕ್ಕೆ ಜಾರದಂತೆ ಅದರ ಹಿಂಭಾಗದಲ್ಲಿ ಹೊರಗಿನಿಂದ ದಾರ ಕಟ್ಟಬೇಕು. ನಂತರ ಸಲಾಕೆಯನ್ನು ಮೆಲ್ಲಗೆ ಒಳಬಿಟ್ಟು, ತುದಿ ಕಲ್ಲಿಗೆ ತಾಗಿದ ಮೇಲೆ, ಬಡಗಿಯ ಬೈರಿಗೆಯಂತೆ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತಾ ಕೊರೆಯಬೇಕು. ಆಚೆ ಬದಿಗೆ ತೂತಾದ ಕ್ಷಣ ಮೂತ್ರ ಹರಿದು ರೋಗಿಗೆ ಜೀವ ಬರುತ್ತದೆ. ಟೊಳ್ಳಾದ ಕಲ್ಲನ್ನು ಹೊರಗಿನಿಂದ ಬೆರಳಲ್ಲಿ ಅದುಮಿ ಒಡೆಯಬಹುದು. ಎಂಥ ನೋವಿನ ನಡುವೆ, ಎಂಥ ಸಮಾಧಾನದ ಕೈ ಅದು! ನೋವು ಮರೆಸುವ ಔಷಧ ಸರಿಯಾಗಿ ಇಲ್ಲದ ಕಾಲದಲ್ಲಿ ಅವಸರಪಟ್ಟವನು ನಾಳವನ್ನೇ ಹರಿದುಬಿಡುತ್ತಿದ್ದ.

ಶತಮಾನಗಳು ಕಳೆದು ಇದೇ ಆಲೋಚನೆ ಪ್ಯಾರಿಸಿನಲ್ಲಿ ಹೊಸ ರೂಪ ಪಡೆಯಿತು. 1824ರಲ್ಲಿ ಝಾನ್ ಸಿವಿಯಾಲ್ ಹೊಟ್ಟೆ ಕೊಯ್ಯದೆ, ನೈಸರ್ಗಿಕ ದಾರಿಯಲ್ಲೇ ಉಪಕರಣ ಇಳಿಸಿ, ಮೂತ್ರಕೋಶದೊಳಗೇ ಕಲ್ಲನ್ನು ಪುಡಿಮಾಡಿದ. ಆ ಉಪಕರಣ ಬೆಳೆದು ಲಿಥೋಟ್ರೈಟ್ ಎಂಬ ಹೆಸರಿನಲ್ಲಿ ನೆಲೆನಿಂತಿತು: ಒಂದರೊಳಗೊಂದು ಜಾರುವ ಎರಡು ಉಕ್ಕಿನ ದವಡೆಗಳು, ಹೊರತುದಿಯಲ್ಲಿ ತಿರುಪು ಮತ್ತು ಹಿಡಿಚಕ್ರ. ದವಡೆಗಳು ಕಲ್ಲನ್ನು ಕಚ್ಚಿದ ಮೇಲೆ ಕೂಡಲೇ ತಿರುಪು ಬಿಗಿಯುವಂತಿಲ್ಲ. ಮೊದಲು ಇಡೀ ಉಪಕರಣವನ್ನು ಮಣಿಕಟ್ಟಿನಿಂದ ಹಗುರವಾಗಿ ಹೊರಳಿಸಿ, ಕಲ್ಲಿನ ಜೊತೆ ಮೂತ್ರಕೋಶದ ಒಳಪೊರೆಯೂ ಸಿಕ್ಕಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಲೀಸಾಗಿ ಹೊರಳಿದರೆ ಮಾತ್ರ ಮುಂದಿನ ಕೆಲಸ. ಆ ಒಂದು ಹೊರಳಿಕೆಯ ಮೇಲೆ ರೋಗಿಯ ಪ್ರಾಣ ನಿಂತಿತ್ತು.

ಇತ್ತ ಕಾಗಿಣಾ ಸೀಮೆಗೆ ರೈಲು ಬಂತು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲುಮಾರ್ಗ ಕಲಬುರಗಿ, ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಕವಲೊಡೆದ ನಿಜಾಮರ ರೈಲು ಚಿತ್ತಾಪುರ, ಮಳಖೇಡ ರೋಡ್, ಸೇಡಂ ಹಾಯ್ದು ಸಿಕಂದರಾಬಾದಿಗೆ ಹೋಯಿತು. ಶಹಾಬಾದಿನ ಹಾಸುಗಲ್ಲು ದೂರದೂರದ ಊರುಗಳ ನೆಲಕ್ಕೆ ಹೋದ ದಾರಿಯಲ್ಲೇ ರೋಗಿಗಳು ಹೈದರಾಬಾದಿನ ದವಾಖಾನೆಗೆ ಹೋಗುವ ದಾರಿಯೂ ತೆರೆಯಿತು. ಚಿಂಚೋಳಿಯ ಕಾಡುಗುಡ್ಡಗಳ ಹಳ್ಳಿಗಳಿಗೆ ಮಾತ್ರ ರೈಲು ಸಿಗಲಿಲ್ಲ. ಅಲ್ಲಿಂದ ನಿಲ್ದಾಣಕ್ಕೆ ಬರಲು ಗಾಡಿ, ಇಲ್ಲವೆ ಹೆಗಲೇ ಗತಿ.

ಹೈದರಾಬಾದಿನಲ್ಲಿ ಆಗ ರೆಸಿಡೆನ್ಸಿ ಸರ್ಜನ್ ಆಗಿದ್ದವರು ಎಡ್ವರ್ಡ್ ಲಾರಿ. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಸಾಯುವುದೇಕೆ ಎಂದು ತಿಳಿಯಲು 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಆಯೋಗವನ್ನು ನಿಜಾಮರ ಹಣದಿಂದ ನಡೆಸಿದರು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದಿದ್ದರು. ಕ್ಲೋರೋಫಾರ್ಮ್ ಹೃದಯವನ್ನು ನೇರವಾಗಿ ನಿಲ್ಲಿಸುವುದಿಲ್ಲ, ಉಸಿರಾಟವನ್ನು ಗಮನಿಸಿದರೆ ಸಾಕು ಎಂಬ ಅವರ ತೀರ್ಮಾನ ಮುಂದೆ ನಿಲ್ಲಲಿಲ್ಲ. ಆದರೂ ಮೂರ್ಛೆಯ ಔಷಧದಿಂದ ಶಸ್ತ್ರವೈದ್ಯನ ಕೈಗೆ ಸಿಕ್ಕಿದ ವರ ದೊಡ್ಡದು. ಸಿವಿಯಾಲನ ಕಾಲದಲ್ಲಿ ಕೆಲವೇ ನಿಮಿಷ ತಿರುಪು ತಿರುಗಿಸಿ, ರೋಗಿಯನ್ನು ಮನೆಗೆ ಕಳಿಸಿ, ಮತ್ತೆ ಮತ್ತೆ ಕರೆಸಬೇಕಿತ್ತು. ಬೋಸ್ಟನ್ನಿನ ಬಿಗೆಲೋ 1878ರಲ್ಲಿ ರೋಗಿಯನ್ನು ಮಲಗಿಸಿ ಒಂದೇ ಬಾರಿಗೆ ಪೂರ್ತಿ ಪುಡಿಮಾಡಿ, ರಬ್ಬರ್ ಬುಡ್ಡೆಯಿಂದ ಚೂರುಗಳನ್ನು ಹೀರಿ ತೆಗೆಯುವ ಕ್ರಮ ತಂದ. ಅದು ಚಿಕ್ಕ ಹುಡುಗರಿಗೆ ಆಗದೆಂದು ಯುರೋಪಿನ ವೈದ್ಯರು ಹೇಳುತ್ತಿದ್ದಾಗ, 1880ರ ದಶಕದಲ್ಲಿ ಇಂದೋರಿನ ಕೀಗನ್ ಸಣ್ಣ ಉಪಕರಣ ಬಳಸಿ ಹುಡುಗರ ಮೇಲೂ ಮಾಡಿ ತೋರಿಸಿದರು. ಕಲ್ಲಿನ ರೋಗಿಗಳು ಹೇರಳವಾಗಿದ್ದ ಭಾರತದಿಂದಲೇ ಜಗತ್ತು ಆ ಪಾಠ ಕಲಿಯಿತು.

ಇಂದು ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕಡೆ ಹೃದಯದ ರಕ್ತನಾಳಕ್ಕೆ ಹಾಯಿಸುವ ತಂತಿ ಬಹಳ ತೆಳು, ದಪ್ಪ 0.36 ಮಿಲಿಮೀಟರ್. ಅದರ ಹೊರತುದಿಗೆ ಬೆರಳುದ್ದದ ಪ್ಲಾಸ್ಟಿಕ್ ಹಿಡಿ ಬಿಗಿದು, ವೈದ್ಯರು ಎರಡು ಬೆರಳಲ್ಲಿ ಹೊರಳಿಸಿದರೆ ಒಳಗೆ ಬಾಗಿದ ತುದಿ ಬೇಕಾದ ಕವಲಿಗೆ ತಿರುಗುತ್ತದೆ. ಎಕ್ಸ್‌ರೇ ಪರದೆ ದಾರಿ ತೋರಿಸುತ್ತದೆ, ತಿರುಗಿಸುವ ಬಲ ಮಾತ್ರ ಇನ್ನೂ ಬೆರಳಿನದೇ. ಸುಶ್ರುತನ ಸಲಾಕೆಗೆ ಇಲ್ಲದೆ ಹೋದದ್ದು ಕೈಚಳಕವಲ್ಲ, ಆ ಪರದೆ ಮತ್ತು ಕುದಿಸಿದ ನೀರು.

ಕುದಿಸಿದ ನೀರಿನ ಮಾತು ಸುಮ್ಮನೆ ಆಡಿದ್ದಲ್ಲ. ಸಲಾಕೆಯ ಚಿಕಿತ್ಸೆ ಶಾಸ್ತ್ರಜ್ಞರ ಕೈಬಿಟ್ಟು ಊರೂರು ಅಲೆಯುವವರ ಕೈ ಸೇರಿದಾಗ ತುಪ್ಪ, ಪಥ್ಯ, ಎಚ್ಚರಿಕೆಗಳೆಲ್ಲ ಉದುರಿಹೋದವು. ಸೂಜಿ ಮಾತ್ರ ಉಳಿಯಿತು. ಪೊರೆ ಸರಿದ ಕ್ಷಣ ರೋಗಿಗೆ ಕಂಡೇ ಕಾಣುತ್ತಿತ್ತು, ಹಣ ಪಡೆದವನು ಮುಂದಿನ ಊರಿಗೆ ಹೋಗುತ್ತಿದ್ದ. ಆಮೇಲೆ ಕೀವು, ಇಲ್ಲವೆ ಒತ್ತಡ, ಕೊನೆಗೆ ಎಂದೂ ಹರಿಯದ ಕತ್ತಲೆ. ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ರಾಬರ್ಟ್ ಹೆನ್ರಿ ಎಲಿಯಟ್ ಹೀಗೆ ಹಾಳಾದ ಕಣ್ಣುಗಳನ್ನು ಅಭ್ಯಾಸ ಮಾಡಿ 1917ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಬಡವರು ಸೂಜಿಯವನ ಬಳಿ ಹೋದದ್ದು ಅಜ್ಞಾನದಿಂದಷ್ಟೇ ಅಲ್ಲ, ಅವನು ಮನೆಬಾಗಿಲಿಗೆ ಬರುತ್ತಿದ್ದನೆಂದು. ಈ ಗುಟ್ಟನ್ನು ಅರಿತವರು ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ. ಅವರು ಶುದ್ಧವಾದ ಶಸ್ತ್ರಕ್ರಿಯೆಯನ್ನೇ ಹಳ್ಳಿಗೆ ಹೊತ್ತು ತಂದರು. ಮೇಜುಗಳನ್ನು ಸಾಲಾಗಿ ಇಡಿಸಿ, ಒಂದರಿಂದ ಇನ್ನೊಂದಕ್ಕೆ ಸಾಗುತ್ತಾ, 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆಗಳನ್ನು ತೆಗೆದರು.

ಈ ಸೀಮೆಯ ಜನಸಾಮಾನ್ಯರೇ ಬಳಸಿದ ತಿರುಗಿಸುವ ಉಪಕರಣವೂ ಒಂದಿತ್ತು: ಬೆಂಕಿಕಡ್ಡಿಯಷ್ಟು ಸಣ್ಣದೊಂದು ಕಡ್ಡಿ. ಕಲಬುರಗಿ, ರಾಯಚೂರು, ಬಿಜಾಪುರ ಜಿಲ್ಲೆಗಳು ಆಗ ನಾರುಹುಣ್ಣಿನ ನೆಲವಾಗಿದ್ದವು. ಮೆಟ್ಟಿಲು ಬಾವಿಗೆ ಇಳಿದು ಕೊಡ ತುಂಬುವಾಗ ಹುಣ್ಣಾದ ಕಾಲು ನೀರಿಗೆ ತಾಗಿದರೆ, ಹುಳ ತನ್ನ ಮರಿಗಳನ್ನು ಅಲ್ಲಿ ಬಿಡುತ್ತಿತ್ತು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜೀವಿ ಅವನ್ನು ನುಂಗುತ್ತಿತ್ತು. ಅದೇ ನೀರು ಕುಡಿದವರ ಮೈಯಲ್ಲಿ ವರ್ಷ ತುಂಬುವ ಹೊತ್ತಿಗೆ ಮೀಟರ್ ಉದ್ದದವರೆಗೆ ಬೆಳೆದ ಹುಳ ಕಾಲಲ್ಲಿ ಗುಳ್ಳೆಯೆಬ್ಬಿಸಿ ಹೊರಬರುತ್ತಿತ್ತು. ಈ ಚಕ್ರವನ್ನು 1870ರಲ್ಲಿ ರಷ್ಯಾದ ಫೆಡ್ಚೆಂಕೊ ಕಂಡುಹಿಡಿದ. ಚಿಕಿತ್ಸೆ ಅದಕ್ಕಿಂತ ಎಷ್ಟೋ ಹಳೆಯದು. ಹುಳದ ತುದಿಯನ್ನು ಕಡ್ಡಿಗೆ ಸಿಕ್ಕಿಸಿ, ದಿನಕ್ಕೆ ಕೆಲವೇ ಸೆಂಟಿಮೀಟರಿನಂತೆ ಸುತ್ತಬೇಕು. ತಡೆ ತಾಗಿದರೆ ಅಲ್ಲಿಗೇ ನಿಲ್ಲಿಸಿ ಬಟ್ಟೆ ಕಟ್ಟಿ ನಾಳೆ ಮುಂದುವರಿಸಬೇಕು. ಹುಳ ಒಳಗೇ ತುಂಡಾದರೆ ಕಾಲು ಬಾತು, ಕೀವಾಗಿ, ಕೆಲವರು ಜೀವನಪೂರ್ತಿ ಕುಂಟರಾಗುತ್ತಿದ್ದರು. ಹಕೀಮರ ಪರಂಪರೆಯ ಇಬ್ನ್ ಸೀನಾ ಕಡ್ಡಿಯ ಬದಲು ಸೀಸದ ತುಂಡು ಹೇಳಿದ, ಅದರ ಭಾರವೇ ಹುಳವನ್ನು ಮೆಲ್ಲಗೆ ಜಗ್ಗಲೆಂದು. ಬಿತ್ತನೆಯ ಹಂಗಾಮಿನಲ್ಲಿ ಕಾಲು ಚಾಚಿ ಕುಳಿತು ವಾರಗಟ್ಟಲೆ ಕಡ್ಡಿ ಸುತ್ತುವ ಸಂಕಟ ಒಕ್ಕಲು ಮನೆಗೆ ಎಷ್ಟು ದೊಡ್ಡದೆಂಬುದನ್ನು ಈ ಭಾಗದವರಿಗೆ ವಿವರಿಸಬೇಕಿಲ್ಲ.

ನಾರುಹುಣ್ಣಿನ ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮ 1983–84ರಲ್ಲಿ ಆರಂಭವಾಯಿತು. ಆಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ರೋಗವಿತ್ತು. 1984ರಲ್ಲಿ ದೇಶದಲ್ಲಿ ಎಣಿಕೆಗೆ ಸಿಕ್ಕವರು ಸುಮಾರು 40,000 ಮಂದಿ. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿದರು, ಬಾವಿಗಳಿಗೆ ಸೈಕ್ಲಾಪ್ಸ್ ಕೊಲ್ಲುವ ಟೆಮೆಫಾಸ್ ಹಾಕಿದರು, ಮೆಟ್ಟಿಲುಗಳನ್ನು ಮುಚ್ಚಿ ಸೇದುವ ಬಾವಿ ಮಾಡಿದರು, ಕೈಪಂಪು ಹಾಕಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತವೆಂದು ಸಾರಿತು. ಈ ಹುಳವನ್ನು ಕೊಲ್ಲುವ ಔಷಧವಾಗಲಿ, ತಡೆಯುವ ಲಸಿಕೆಯಾಗಲಿ ಇಂದಿಗೂ ಇಲ್ಲ. ಆಫ್ರಿಕಾದ ಚಾಡ್, ದಕ್ಷಿಣ ಸುಡಾನ್ ಮೊದಲಾದ ದೇಶಗಳಲ್ಲಿ ಉಳಿದಿರುವ ಬೆರಳೆಣಿಕೆಯ ರೋಗಿಗಳಿಗೆ ಈಗಲೂ ಕಡ್ಡಿಗೆ ಸುತ್ತಿಯೇ ಹುಳ ತೆಗೆಯುತ್ತಾರೆ.