44 ಟನ್ನೇ ಯಾಕೆ? ಒಂದು ಪುಟ್ಟ ಶಂಟಿಂಗ್ ಇಂಜಿನ್ನಿನ ಕಥೆ

ನೀವು ಇದನ್ನ ಕೇಳ್ತಿರೋ ಫೋನಿಗಿಂತಲೂ ಗಿಡ್ಡದಾದ ಒಂದು ರೈಲ್ವೆ ಇಂಜಿನ್ ಇದೆ. ಉದ್ದ ಸುಮಾರು 12 ಸೆಂಟಿಮೀಟರ್. ನಟ್ಟನಡುವೆ ಡ್ರೈವರ್ ಕ್ಯಾಬಿನ್, ಹಿಂದೆ ಮುಂದೆ ಒಂದೇ ಥರದ ಎರಡು ಮೂತಿ. ಮಾಡೆಲ್ ರೈಲು ಹುಚ್ಚಿರೋರಿಗಾಗಿ ಬ್ಯಾಕ್‌ಮನ್ ಕಂಪನಿ ಇದನ್ನ ಅಸಲಿಯ 87ರಲ್ಲಿ ಒಂದರಷ್ಟು ಅಳತೆಗೆ ಮಾಡಿದೆ. ಇದರ ಅಸಲಿ ಇಂಜಿನ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದ್ದು. ಹೆಸರು '44 ಟನ್ನರ್'. ಅಲ್ಲ, 44 ಯಾಕೆ? 50 ಅಂತ ದುಂಡಗೆ ಮಾಡಬಹುದಿತ್ತಲ್ವಾ?

ಉತ್ತರ ಇಂಜಿನಿಯರಿಂಗ್‌ನಲ್ಲಿಲ್ಲ. ಒಬ್ಬ ಮನುಷ್ಯನ ಸಂಬಳದಲ್ಲಿದೆ.

ಮೊದಲು ಶಂಟಿಂಗ್ ಅಂದ್ರೇನು ಅಂತ ನೋಡೋಣ. ದೊಡ್ಡ ಇಂಜಿನ್ ಊರಿಂದೂರಿಗೆ ಓಡುತ್ತೆ. ಯಾರ್ಡಿನಲ್ಲಿ ಗೂಡ್ಸ್ ಡಬ್ಬಿಗಳನ್ನ ಬಿಡಿಸಿ, ತಳ್ಳಿ, ಬೇಕಾದ ಸಾಲಿಗೆ ಜೋಡಿಸೋದು ಶಂಟಿಂಗ್ ಇಂಜಿನ್. ವೇಗ ಬೇಡ, ಹಿಡಿತ ಬೇಕು. ಅದಕ್ಕೇ ಹಳೇ ಉಗಿ ಶಂಟರುಗಳಿಗೆ ಮುಂದೆ ದಾರಿ ತೋರಿಸೋ ಸಣ್ಣ ಚಕ್ರಗಳೇ ಇರ್ತಿರಲಿಲ್ಲ. ಪೂರ್ತಿ ಭಾರ ಎಳೆಯೋ ಚಕ್ರಗಳ ಮೇಲೇ ಬೀಳ್ತಿತ್ತು. ಒಳಗೆ ಡ್ರೈವರ್ ಜತೆಗೊಬ್ಬ ಫೈರ್‌ಮನ್. ಕಲ್ಲಿದ್ದಲು ಎರಚೋದು, ಬಾಯ್ಲರಿನ ನೀರಿನ ಮಟ್ಟದ ಮೇಲೆ ಕಣ್ಣಿಡೋದು ಅವನ ಕೆಲಸ. ಇಂಜಿನ್ ಸುಮ್ಮನೆ ನಿಂತಿದ್ದರೂ ಬೆಂಕಿ ಆರೋ ಹಾಗಿಲ್ಲ.

1923ರಲ್ಲಿ ನ್ಯೂಯಾರ್ಕ್ ರಾಜ್ಯ, ನಗರದೊಳಗೆ ಉಗಿ ಇಂಜಿನ್ ನಿಷೇಧಿಸೋ ಕಾಯ್ದೆ ತಂತು. ಹೊಗೆ ಅಷ್ಟಿತ್ತು. 1925ರಲ್ಲಿ ಸೆಂಟ್ರಲ್ ರೈಲ್‌ರೋಡ್ ಆಫ್ ನ್ಯೂಜೆರ್ಸಿ ಬ್ರಾಂಕ್ಸ್ ಯಾರ್ಡಿಗೆ ಒಂದು ಡೀಸೆಲ್ ಶಂಟರ್ ತಂದಿತು. ನಂಬರ್ 1000, 300 ಅಶ್ವಶಕ್ತಿ. ಆಲ್ಕೋ, ಜನರಲ್ ಎಲೆಕ್ಟ್ರಿಕ್, ಇಂಗರ್‌ಸಾಲ್ ರ‍್ಯಾಂಡ್ ಮೂರೂ ಸೇರಿ ಕಟ್ಟಿದ್ದು. (ನಮ್ಮಲ್ಲಿ ದಶಕಗಟ್ಟಲೆ ಓಡಿದ ಡಬ್ಲ್ಯುಡಿಎಂ-2 ವಿನ್ಯಾಸವೂ ಇದೇ ಆಲ್ಕೋದ್ದು.) ಅದು 1957ರವರೆಗೆ ದುಡೀತು. ಈಗ ಬಾಲ್ಟಿಮೋರಿನ ರೈಲು ಮ್ಯೂಸಿಯಮ್ಮಿನಲ್ಲಿದೆ.

ಆದರೆ ಡೀಸೆಲ್ಲಿಗೆ ಬೆಂಕಿಯೇ ಇಲ್ಲವಲ್ಲ, ಫೈರ್‌ಮನ್ ಏನ್ ಮಾಡ್ಬೇಕು? ಯೂನಿಯನ್ನುಗಳು ಪಟ್ಟು ಹಿಡಿದವು. ಕೊನೆಗೆ ನಿಂತ ನಿಯಮ ಇದು: ಎಳೆಯೋ ಚಕ್ರಗಳ ಮೇಲಿನ ಭಾರ 90,000 ಪೌಂಡ್ ಅಥವಾ ಹೆಚ್ಚಿದ್ದರೆ ಎರಡನೇ ಆಳು ಇರಲೇಬೇಕು. ಅಮೆರಿಕದ ಟನ್ನಿಗೆ 2,000 ಪೌಂಡ್. 44ರಿಂದ ಗುಣಿಸಿ. 88,000!

1940ರಿಂದ 1956ರವರೆಗೆ ಇಂಥ ಮುನ್ನೂರಕ್ಕೂ ಹೆಚ್ಚು ಇಂಜಿನ್ ತಯಾರಾದವು. ಬಹುತೇಕ ಇಂಜಿನ್ನುಗಳಲ್ಲಿ ಎರಡು ಕ್ಯಾಟರ್‌ಪಿಲ್ಲರ್ ಡೀಸೆಲ್, ಎರಡೂ ಸೇರಿ ಸುಮಾರು 380 ಅಶ್ವಶಕ್ತಿ. ಭಾರ ಕಮ್ಮಿ ಅಂದ್ರೆ ಹಿಡಿತವೂ ಕಮ್ಮಿ. ಇಂಜಿನಿಯರ್ ಕಣ್ಣಲ್ಲಿ ನಷ್ಟ, ಲೆಕ್ಕ ಬರೆಯೋರ ಕಣ್ಣಲ್ಲಿ ಲಾಭ.

ಹಾಗಂತ ಫೈರ್‌ಮನ್‌ಗಳ ಯೂನಿಯನ್ನನ್ನ ಹೀರೋ ಮಾಡೋಕೆ ನನಗೆ ಮನಸ್ಸಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಮೈ ಸುಡೋ ಈ ಕೆಲಸವನ್ನ ಎಷ್ಟೋ ಕಡೆ ಕಪ್ಪು ಜನರೇ ಮಾಡ್ತಿದ್ದರು. ಅವರಿಗೆ ಯೂನಿಯನ್ನಿನಲ್ಲಿ ಸದಸ್ಯತ್ವವೇ ಇರಲಿಲ್ಲ. ಸಾಲದ್ದಕ್ಕೆ, ಅವರನ್ನ ಆ ಕೆಲಸದಿಂದ ಹೊರಗಿಡೋ ಒಪ್ಪಂದವನ್ನೂ ಯೂನಿಯನ್ 1941ರಲ್ಲಿ ರೈಲ್ವೆ ಕಂಪನಿಗಳ ಜತೆ ಮಾಡ್ಕೊಂಡಿತು. ಅಲಬಾಮಾದ ಫೈರ್‌ಮನ್ ಬೆಸ್ಟರ್ ಸ್ಟೀಲ್ ಕೋರ್ಟಿಗೆ ಹೋದರು. 1944ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು: ಎಲ್ಲರ ಪರವಾಗಿ ಮಾತಾಡೋ ಹಕ್ಕು ಪಡೆದ ಯೂನಿಯನ್, ಸದಸ್ಯರಲ್ಲದವರಿಗೂ ನ್ಯಾಯವಾಗಿ ನಡ್ಕೋಬೇಕು ಅಂತ.

ಜಗಳ ಎಳೆದೂ ಎಳೆದೂ 1963ಕ್ಕೆ ಬಂತು. ದೇಶವ್ಯಾಪಿ ಮುಷ್ಕರ ತಪ್ಪಿಸೋಕೆ ಅಮೆರಿಕದ ಸಂಸತ್ತೇ ಕಾಯ್ದೆ ಮಾಡಿ ಪಂಚಾಯ್ತಿ ಕೂರಿಸಿತು. ಗೂಡ್ಸ್ ಮತ್ತು ಯಾರ್ಡ್ ಇಂಜಿನ್ನುಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತು ಫೈರ್‌ಮನ್ ಹುದ್ದೆ ಬೇಕಿಲ್ಲ ಅಂತ ತೀರ್ಪಾಯ್ತು. ಅಲ್ಲಿಗೆ 44 ಟನ್ನಿನ ಆ ಲೆಕ್ಕಕ್ಕೂ ಬೆಲೆ ಉಳೀಲಿಲ್ಲ.

ಟೇಬಲ್ ಮೇಲಿನ ಪುಟಾಣಿಗೂ ಭಾರದ್ದೇ ತೊಂದರೆ. ಹಗುರ ಇಂಜಿನ್ ಚಕ್ರಗಳು ಹಳಿಗೆ ಗಟ್ಟಿಯಾಗಿ ಒತ್ತೋದಿಲ್ಲ. ಕರೆಂಟ್ ಬರೋದು ಹಳಿಯಿಂದಲೇ. ಧೂಳಿದ್ದರೆ, ಇಲ್ಲಾ ಹಳಿ ಕವಲೊಡೆಯೋ ಜಾಗದಲ್ಲಿ, ನಿಧಾನವಾಗಿ ಬಂದದ್ದು ಟಕ್ ಅಂತ ನಿಂತುಬಿಡುತ್ತೆ. ಬೆರಳಲ್ಲಿ ತಳ್ಳಬೇಕು. ಅದಕ್ಕೇ ಕೆಲವರು ಒಳಗೊಂದು ಕೆಪಾಸಿಟರ್ ಕೂರಿಸ್ತಾರೆ.

ಇಂಥ ಇಂಜಿನ್ನಿಗೆ ಹೇಳಿ ಮಾಡಿಸಿದ ಆಟ 'ಟೈಮ್‌ಸೇವರ್'. ಜಾನ್ ಅಲೆನ್ ಅನ್ನೋರು ರೂಪಿಸಿದ್ದು, 1972ರಲ್ಲಿ 'ಮಾಡೆಲ್ ರೈಲ್‌ರೋಡರ್' ಪತ್ರಿಕೆಯಲ್ಲಿ ಬಂತು. ಒಂದು ಹಲಗೆ, ಬೇಕಂತಲೇ ಗಿಡ್ಡ ಮಾಡಿದ ಹಳಿಗಳು, ಕೆಲವೇ ಡಬ್ಬಿಗಳು. ಯಾವ ಡಬ್ಬಿ ಎಲ್ಲಿಗೆ ಅಂತ ಮೊದಲೇ ಹೇಳಿರ್ತಾರೆ. ಗಡಿಯಾರ ಓಡ್ತಿರುತ್ತೆ. ಡ್ರೈವರ್, ಪಾಯಿಂಟ್ಸ್‌ಮನ್ ಎರಡೂ ನೀವೇ. ಮುಂದಿನ ಸಂಚಿಕೆಯಲ್ಲಿ ಸಿಗೋಣ.